ಲೆನ್ಸಿನ ಮುಚ್ಚಳ

"ಗದ್ದ ಸ್ವಲ್ಪ ಕೆಳಗೆ," ಎಂದು ಗಂಡ ನಾಲ್ಕನೇ ಸಲ ಹೇಳಿದಾಗ ಅವಳಿಗೆ ಮೈಯೆಲ್ಲ ಉರಿದುಹೋಯಿತು. ಕಿಟಕಿಯ ಪಕ್ಕ ಸ್ಟೂಲಿನ ಮೇಲೆ ಕೂರಿಸಿ ಕಾಲು ಗಂಟೆಯಾಗಿತ್ತು. ನೆನೆಹಾಕಿದ ಬಟ್ಟೆ ಬಕೆಟ್ಟಿನಲ್ಲೇ ಬಿದ್ದಿತ್ತು.

"ಒತ್ತಿ ಮುಗಿಸ್ರೀ. ಬೆನ್ನು ಬಿದ್ದುಹೋಯ್ತು."

"ರೀಲಲ್ಲಿ ಉಳಿದಿರೋದು ಒಂದೇ ಫೋಟೋ ಕಣೇ. ಸುಮ್ಮನೆ ಕೂತ್ಕೋ."

ಬೆಳಕು ಅಳೆದ, ಫೋಕಸ್ ತಿರುಗಿಸಿದ, ಮತ್ತೆ ಬೆಳಕು ಅಳೆದ. ಅಷ್ಟರೊಳಗೆ ಧೂಳು ಕೂತೀತೆಂದು ಲೆನ್ಸಿಗೆ ಮುಚ್ಚಳ ಹಾಕಿ ಕ್ಯಾಮೆರಾದ ಮೈ ಒರೆಸಿದ. ತನ್ನ ಕನ್ನಡಕವನ್ನು ಅಂಗಿಯ ತುದಿಯಲ್ಲಿ ಒರೆಸಿಕೊಳ್ಳುವ ಮನುಷ್ಯ, ಆ ಮುಚ್ಚಳ ಒಮ್ಮೆ ಅವಳ ಕೈತಪ್ಪಿ ಬಿದ್ದಿದ್ದಕ್ಕೆ ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದ.

ಕೊನೆಗೂ ಕ್ಯಾಮೆರಾ ಕಣ್ಣಿಗೆ ಹಿಡಿದ. ಆ ಹಳೇ ಕ್ಯಾಮೆರಾದಲ್ಲಿ ನೋಡುವ ಕಿಂಡಿ ಬೇರೆ, ಲೆನ್ಸ್ ಬೇರೆ. ಮುಚ್ಚಳ ಹಾಗೇ ಇದ್ದದ್ದು ಅವನಿಗೆ ಕಾಣಲಿಲ್ಲ, ಅವಳಿಗೆ ಕಂಡಿತು. ಇಷ್ಟೆಲ್ಲ ಉಪದ್ವ್ಯಾಪ ಮಾಡಿ ಕೊನೆಗೆ ಇದೇ ಎಂದು ತಡೆಯಲಾಗದೆ ನಕ್ಕುಬಿಟ್ಟಳು. ಒತ್ತಲಿ, ಬುದ್ಧಿ ಬರಲಿ.

ಬಟನ್ನಿನ ಮೇಲಿದ್ದ ಬೆರಳು ನಿಂತಿತು. "ಹಾಗೇ ಇರೇ," ಎಂದ ದನಿ ತಗ್ಗಿಸಿ. "ಈ ನಗು ನೋಡಿ ಎಷ್ಟು ವರ್ಷ ಆಯ್ತೋ."

ಹಾಳಾದ ಮನುಷ್ಯ, ಹೀಗೆ ಹೇಳಿದರೆ ಸುಮ್ಮನಿರುವುದು ಹೇಗೆ. "ರೀ," ಎಂದಳು, "ಮುಚ್ಚಳ ತೆಗೀರಿ."

ಅವನ ಕಿವಿ ಕೆಂಪಾಯಿತು. ಆದರೆ ಕಿಂಡಿಯಿಂದ ಕಣ್ಣು ಕೀಳಲಿಲ್ಲ. ಎಡಗೈಯಿಂದ ಮುಚ್ಚಳ ತೆಗೆದು ಹಾಗೇ ಕೈಬಿಟ್ಟ. ಅದು ಟಣ್ಣೆಂದು ನೆಲಕ್ಕೆ ಬಿದ್ದು, ಉರುಳುತ್ತ ಮಂಚದಡಿ ಸೇರಿತು. ಅವನು ಅತ್ತ ನೋಡಲೇ ಇಲ್ಲ.