ಚಾಚಿದ ಅಂಗೈ

ದುಭಾಷಿ ಬಾಯಿ ತೆರೆಯುವ ಮೊದಲೇ ನೋಲ್ಯಾ ಕೈಯೆತ್ತಿ ಅವನನ್ನು ತಡೆದಳು. “ನೀ ಸುಮ್ನಿರಪ್ಪ, ನಾನೇ ಹೇಳ್ತೀನಿ.” ಅವಳ ಹಿಂದೆ, ಕೊಲೆಗೆ ಪರಿಹಾರವಾಗಿ ಕೊಡಲು ತಂದ ಹಂದಿಗಳನ್ನು ಗೂಟಕ್ಕೆ ಕಟ್ಟಲಾಗಿತ್ತು. ಎದುರಿಗೆ, ಮುಖಕ್ಕೆ ಸೂತಕದ ಬಿಳಿಮಣ್ಣು ಮೆತ್ತಿಕೊಂಡು ಯಾಲಿನ್ ಕುಳಿತಿದ್ದಳು. ಕುಲಗಳ ಕಾಳಗದಲ್ಲಿ ಅವಳ ಮಗ ಲೂಕಾಸನನ್ನು ಕೊಂದವನು ನೋಲ್ಯಾಳ ಮಗ. ಯಾಲಿನ್ ಹಂದಿಗಳನ್ನು ಒಪ್ಪದಿದ್ದರೆ ನಾಳೆ ಮತ್ತೆ ಬಾಣಗಳು ಹಾರುತ್ತವೆ.

ಒಬ್ಬರ ನುಡಿ ಇನ್ನೊಬ್ಬರಿಗೆ ಬಾರದು. ನೋಲ್ಯಾ ಕುಲಗಳ ನಡುವಿನ ಸಂತೆಮಾತಾದ, ತಾನು ಅರೆಬರೆ ಕಲಿತಿದ್ದ ಟೋಕ್ ಪಿಸಿನ್‌ನಲ್ಲಿ ತಡವರಿಸುತ್ತ ಶುರುಮಾಡಿದಳು. “ನಾನು... ತಾಯಿ,” ಎನ್ನುತ್ತ ಅಂಗೈಯನ್ನು ಎದೆಗೆ ಒತ್ತಿಕೊಂಡಳು. “ನೀನು... ತಾಯಿ,” ಎನ್ನುತ್ತ ಅದೇ ಅಂಗೈಯನ್ನು ಮುಂದೆ ಚಾಚಿದಳು. “ಹಂದಿ... ಮಗ ಅಲ್ಲ. ನಂಗೊತ್ತು.”

“ಕೂಸು ಮಾತಾಡ್ದಂಗೈತೆ!” ಗಂಡಸರ ಸಾಲಿನಲ್ಲಿ ಯಾರೋ ನಕ್ಕರು. ಯಾಲಿನ್ ನಗಲಿಲ್ಲ. ಅವಳ ಕಣ್ಣು ಆ ಅಂಗೈಯ ಮೇಲೇ ನೆಟ್ಟಿತ್ತು.

“ಈ ಮಾತು, ಹಿಂಗೆ ಕೈ ಚಾಚಿ ತೋರ್ಸೋದು, ನಿಂಗ್ಯಾರು ಕಲ್ಸಿದ್ದು?” ಎಂದು ಅದೇ ಭಾಷೆಯಲ್ಲಿ ಕೇಳಿದಳು.

ನೋಲ್ಯಾ ತಲೆ ತಗ್ಗಿಸಿದಳು. “ನಿನ್ನ...” ಅಂಗೈ ಮತ್ತೆ ಮುಂದೆ ಬಂತು. “ನಿನ್ನ ಮಗ. ಜಗಳಕ್ ಮುಂಚೆ. ಸಂತೆ ದಿನ, ಚರ್ಚ್ ಹತ್ರ, ನಮ್ಮ್ ಹೆಂಗಸ್ರಿಗೆಲ್ಲ.”

ಯಾಲಿನ್ ಎದ್ದು ಬಂದು ಆ ಅಂಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

“ಮೊದಲಿಂದ ಇನ್ನೊಂದ್ಸಲ ಹೇಳವ್ವ,” ಎಂದಳು. “ಅವ್ನು ಹೇಳ್ಕೊಟ್ಟಂಗೇ ಹೇಳು.”