ಯಾರೂ ಒಪ್ಪದ ಹುಡುಕಾಟ

ತಿಂಗಳಿಗೊಮ್ಮೆ ಬರುವ ನೆಟ್ ಕಂಪನಿಯವನು ಬಾಗಿಲಲ್ಲಿ ನಿಂತು, ಮನೆಯವರು ಹುಡುಕಿದ್ದನ್ನೆಲ್ಲ ಎಂದಿನಂತೆ ಗಟ್ಟಿಯಾಗಿ ಓದುತ್ತಿದ್ದ. ಪ್ರತಿಯೊಂದಕ್ಕೂ ಯಾರಾದರೂ "ನಂದು" ಎಂದು ಒಪ್ಪಿಕೊಳ್ಳಬೇಕು; ಇಲ್ಲದಿದ್ದರೆ ಸಂಪರ್ಕ ಕಡಿದುಬಿಡುತ್ತಾನೆ.

"ಮಂಡಿನೋವಿಗೆ ಎಣ್ಣೆ?"

"ನಂದಪ್ಪಾ," ಎಂದಳು ಅಜ್ಜಿ.

"ಹೆಂಗಸು ಒಬ್ಬಳೇ ಇರೋಕೆ ಬಾಡಿಗೆ ರೂಮು?"

ಕಂಪನಿಯವನು ಅದನ್ನೇ ಮತ್ತೊಮ್ಮೆ ಓದಿ, ಸಂಪರ್ಕದ ವೈರಿನತ್ತ ಕೈ ಚಾಚಿದ. ಅಪ್ಪನ ಮುಖ ಕೆಂಪಾಯಿತು. ಮಗಳು ಇಂದುಶ್ರೀ ಅಮ್ಮನತ್ತ ನೋಡಿದಳು; ಅಮ್ಮ ತಲೆ ತಗ್ಗಿಸಿದ್ದಳು. ಅಮ್ಮ ಮನೆ ಬಿಡುತ್ತಾಳೆಯೇ?

"ನಂದೇ," ಎಂದುಬಿಟ್ಟಳು ಇಂದುಶ್ರೀ, ಅಮ್ಮ ಸಿಕ್ಕಿಬೀಳಬಾರದೆಂದು.

"ಎಲ್ಲಿಗೇ ಹೊರಟಿದ್ದು ನೀನು?" ಅಪ್ಪ ಗುಡುಗಿದರು.

ಅಮ್ಮ ಬೆಚ್ಚಿ ಅವಳ ಕೈ ಹಿಡಿದಳು. "ನಿಂದಾ? ನಂಗೊಂದು ಮಾತು ಹೇಳಬಾರದಿತ್ತೇನೇ?"

ಇಂದುಶ್ರೀಗೆ ತಲೆಬುಡ ತಿಳಿಯಲಿಲ್ಲ. ಅಮ್ಮನದೂ ಅಲ್ಲವಾದರೆ ಮತ್ತೆ ಯಾರದು?

ಮೂಲೆಯಲ್ಲಿದ್ದ ಅಜ್ಜಿ ಮಗನ ಕಡೆ ನೋಡದೆ ಕಂಪನಿಯವನನ್ನು ಮೆಲ್ಲಗೆ ಕೇಳಿದಳು:

"ಕಿಟಕಿ ಇರೋ ರೂಮು ಎಲ್ಲಾದ್ರೂ ಸಿಕ್ತೇನಪ್ಪಾ?"