ಗ್ಯಾರೇಜಿನ ಹಿಂದಿನ ಹಳ್ಳ

ಸುಟ್ಟ ಎಂಜಿನ್ ಆಯಿಲ್ ವಾಸನೆ ಮೂಗಿಗೆ ಬಡಿದರೆ ನನಗೆ ಇವತ್ತಿಗೂ ಮೊದಲು ಖುಷಿಯೇ ಆಗುತ್ತದೆ.

ಆರನೇ ತರಗತಿಯಲ್ಲಿ ಕಾಳಿ ನದಿಯ ನಕ್ಷೆ ಬಿಡಿಸುವಾಗ, ದಾಂಡೇಲಿಯ ನಮ್ಮ ಅಬ್ಬಾನ ಗ್ಯಾರೇಜಿನ ಹಿಂದಿನ ಹಳ್ಳವನ್ನೂ ಅದಕ್ಕೆ ಸೇರಿಸಿದ್ದೆ. ಭೂಗೋಳದ ಮಾಸ್ತರರು ಎಲ್ಲರೆದುರು ಅದನ್ನು ಕಾಗದ ಹರಿಯುವಂತೆ ಉಜ್ಜಿ ಅಳಿಸಿದರು.

“ನಿಮ್ಮ ಗಟಾರಕ್ಕೂ ನದಿಗೂ ಏನ ಸಂಬಂಧ ಐತಿ?”

ಇಡೀ ತರಗತಿ ನಕ್ಕಿತು.

ಪ್ರತಿ ರವಿವಾರ ಮಧ್ಯಾಹ್ನ ಮಾಸ್ತರರು ತಮ್ಮ ಬಿಳಿ ಅಂಗಿಗಳನ್ನು ಒಗೆಯುತ್ತಿದ್ದುದು ಆ ಹಳ್ಳ ಕಾಳಿಗೆ ಸೇರುವ ಕಡೆಯೇ. ಆ ರವಿವಾರ ಅಬ್ಬಾ ಕೂಡಿಸಿಟ್ಟಿದ್ದ ಒಂದು ದೊಡ್ಡ ಡಬ್ಬಿ ಕರಿ ಆಯಿಲನ್ನು ಹಳ್ಳಕ್ಕೆ ಸುರುವಿ, ದಂಡೆಗುಂಟ ಅದರ ಜೊತೆಗೇ ಓಡಿದೆ. ನೆನೆಹಾಕಿದ್ದ ಅಂಗಿಗಳೆಲ್ಲ ಕಪ್ಪಾದವು.

“ಎಲ್ಲಿಂದ ಬಂತಿದು?” ಮಾಸ್ತರರು ಚೀರಿದರು.

“ನಮ್ಮ ಗಟಾರದಿಂದ್ರಿ ಸರ್,” ಎಂದು ಬಿದಿರು ಮೆಳೆಯ ಹಿಂದೆ ಕೂತು ಪಿಸುಗುಟ್ಟಿದೆ.

ಸಂಜೆ, ಕಾಳಿ ಹೊಳೆ ಮುಂದೆ ಹರಿದುಹೋಗುವ ಕೆಳದಂಡೆಯ ಹಳ್ಳಿಯಿಂದ ಅಮ್ಮಿಯ ತಾಯಿ, ನನ್ನ ನಾನಿ, ಬಂದರು. ನಮಾಜಿಗೆ ಮುಂಚೆ ಅವರು ಕೈಕಾಲು ತೊಳೆಯುತ್ತಿದ್ದುದು ಹೊಳೆಯಲ್ಲೇ.

“ನೋಡ ಬೇಟಿ, ಎಷ್ಟ ತಿಕ್ಕಿದ್ರೂ ಹೋಗವಲ್ದು,” ಎಂದು ಕರಿ ಹತ್ತಿದ ಎರಡೂ ಕೈ ನನ್ನ ಮುಂದೆ ಚಾಚಿದರು. “ಹೊಳಿಗೆ ಇದನ್ನ ಸುರುವಿದವರ ಕೈ ಬಿದ್ದ ಹೋಗ್ಲಿ!”

ನಾನು ನನ್ನ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ.